ಥ್ರಿಲ್ಲರ್ ಚಿತ್ರಕ್ಕೆ ಟೈಟಲ್ ಕಾರ್ಡ್ ಹೇಗಿರಬೇಕು?

ಗೋಮಿದಡಿ (ಬಾಗಲಕೋಟೆ):
ಎಲ್ಲರಿಗೂ ನಮಸ್ಕಾರ. ಗೆಳೆಯರೆಲ್ಲ ಸೇರಿ ಇಪ್ಪತ್ತು ನಿಮಿಷದ ಒಂದು ಥ್ರಿಲ್ಲರ್ ಕಿರುಚಿತ್ರ ಮಾಡಿದ್ದೇವೆ. ಇಳಕಲ್ಲಿನ ನೇಕಾರರ ಮನೆಯೊಂದರಲ್ಲಿ ರಾತ್ರೋರಾತ್ರಿ ಮನೆಯ ಯಜಮಾನ ಕಾಣೆಯಾಗುತ್ತಾನೆ. ಮಗ್ಗದ ಮೇಲೆ ಅರ್ಧಕ್ಕೆ ನಿಂತ ಸೀರೆ ಬೆಳಗಾಗುವಷ್ಟರಲ್ಲಿ ಇನ್ನೊಂದು ಗೇಣು ಬೆಳೆದಿರುತ್ತದೆ. ಅದನ್ನು ನೇಯ್ದವರು ಯಾರೆಂಬುದೇ ಕಥೆಯ ಗಂಟು. ಸಂಕಲನ ಮುಗಿದಿದೆ, ಆದರೆ ಟೈಟಲ್ ಕಾರ್ಡಿನ ವಿಷಯದಲ್ಲಿ ನಮ್ಮೊಳಗೇ ಒಮ್ಮತವಿಲ್ಲ. ಸದ್ಯಕ್ಕೆ ಇಟ್ಟಿರುವುದು ಕಪ್ಪು ಪರದೆ, ರಕ್ತ ತೊಟ್ಟಿಕ್ಕುವ ಕೆಂಪು ಅಕ್ಷರ ಮತ್ತು ಗುಡುಗಿನ ಸದ್ದು. ತೋರಿಸಿದವರಲ್ಲಿ ಹೆಚ್ಚಿನವರು ಇದನ್ನು ದೆವ್ವದ ಸಿನಿಮಾ ಎಂದುಕೊಂಡು ಕುಳಿತರು. ಟೈಟಲ್ ಕಾರ್ಡನ್ನೇ ತೆಗೆದುಹಾಕಿ ನೇರವಾಗಿ ಕಥೆಗೆ ಹೋಗುವುದು ಲೇಸೇ, ಅಥವಾ ಅದನ್ನೇ ಬೇರೆ ರೀತಿಯಲ್ಲಿ ಮಾಡಬಹುದೇ? ಬಲ್ಲವರು ತಿಳಿಸಬೇಕು.

ಕೋಟೆಕೆರೆ (ಬೆಳಗಾವಿ):
ಗೋಮಿದಡಿ ಅವರೇ, ನೋಡಿದವರದ್ದೇನೂ ತಪ್ಪಿಲ್ಲ. ನಿಮ್ಮ ಅಕ್ಷರಗಳೇ ಅವರಿಗೆ ಹಾಗೆ ಹೇಳಿವೆ. ಕಥೆಯ ಒಂದು ಮಾತೂ ಕಿವಿಗೆ ಬೀಳುವ ಮೊದಲೇ ಪ್ರೇಕ್ಷಕ ತಾನು ಹೆದರಬೇಕೋ, ಅನುಮಾನಿಸಬೇಕೋ, ನಗಬೇಕೋ ಎಂಬುದನ್ನು ನಿರ್ಧರಿಸಿಬಿಡುತ್ತಾನೆ.

1955ರಲ್ಲಿ ಹಾಲಿವುಡ್ ಚಿತ್ರ 'ದ ಮ್ಯಾನ್ ವಿತ್ ದ ಗೋಲ್ಡನ್ ಆರ್ಮ್' ತೆರೆಕಂಡಾಗ, ಕಲಾವಿದರ, ತಂತ್ರಜ್ಞರ ಹೆಸರುಗಳು ಬರುವ ಮೊದಲೇ ತೆರೆಯ ಮುಂದಿನ ಪರದೆ ಸರಿಸಬೇಕೆಂಬ ಸೂಚನೆಯನ್ನು ರೀಲಿನ ಡಬ್ಬಿಗಳ ಜೊತೆಗೆ ಕಳಿಸಲಾಗಿತ್ತು. ಅಲ್ಲಿಯವರೆಗೆ ಅಮೆರಿಕದ ಅನೇಕ ಚಿತ್ರಮಂದಿರಗಳಲ್ಲಿ ಹೆಸರುಗಳು ಮುಚ್ಚಿದ ಪರದೆಯ ಮೇಲೆಯೇ ಓಡಿ ಮುಗಿಯುತ್ತಿದ್ದವು. ಆ ಚಿತ್ರದ ಟೈಟಲ್ ಮಾಡಿದ ಸಾಲ್ ಬಾಸ್, ಮೂರು ವರ್ಷಗಳ ನಂತರ ಥ್ರಿಲ್ಲರ್ ನಿರ್ದೇಶಕ ಹಿಚ್‌ಕಾಕ್‌ನ 'ವರ್ಟಿಗೊ'ಗೆ ಮಾಡಿದ ಕೆಲಸವನ್ನು ನೀವು ಒಮ್ಮೆ ನಿಧಾನವಾಗಿ ನೋಡಬೇಕು. ಕ್ಯಾಮೆರಾ ಹೆಣ್ಣಿನ ಮುಖವೊಂದರ ತುಟಿಯಿಂದ ಕಣ್ಣಿಗೆ ಬರುತ್ತದೆ, ಬಣ್ಣ ಕೆಂಪಾಗುತ್ತದೆ, ಕಣ್ಣಿನ ಪಾಪೆಯೊಳಗಿನಿಂದ ಸುರುಳಿಯೊಂದು ತಿರುಗುತ್ತ ಹೊರಬರುತ್ತದೆ. ಅಲ್ಲಿ ಯಾರೂ ಸಾಯುವುದಿಲ್ಲ, ಒಂದು ಹನಿ ರಕ್ತವೂ ಇಲ್ಲ. ಆದರೆ ಅದೇ ಸುರುಳಿ ಮುಂದೆ ನಾಯಕಿಯ ತುರುಬಿನಲ್ಲಿ, ಗಂಟೆಗೋಪುರದ ಮೆಟ್ಟಿಲಿನಲ್ಲಿ ಮತ್ತೆ ಮತ್ತೆ ಎದುರಾದಾಗ, ಆರಂಭದಲ್ಲೇ ತಲೆ ಸುತ್ತಿಸಿಕೊಂಡಿದ್ದ ಪ್ರೇಕ್ಷಕನಿಗೆ ನಾಯಕನಿಗಿರುವ ಎತ್ತರದ ಭಯ ತನ್ನದೇ ಅನ್ನಿಸುತ್ತದೆ.

ಅಂದರೆ ಕಥೆಯ ಹೊರಗಿನಿಂದ ರಕ್ತ, ಗುಡುಗು ತರುವ ಅಗತ್ಯವೇ ನಿಮಗಿಲ್ಲ. ಕುಣಿಮಗ್ಗ, ಉದ್ದಕ್ಕೆ ಬಿಗಿದ ಹಾಸಿನ ಎಳೆಗಳು, ಅಡ್ಡನೂಲು ಒಯ್ಯುವ ಲಾಳಿ, ಇವೆಲ್ಲ ನಿಮ್ಮ ಕಥೆಯೊಳಗೇ ಇವೆ. ಬಿಗಿದ ಎಳೆಗಳನ್ನು ತೀರ ಹತ್ತಿರದಿಂದ ಹಿಡಿದರೆ ತೆರೆಯ ತುಂಬ ಗೆರೆಗಳೇ ಕಾಣುತ್ತವೆ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸಿನ ಎಳೆಗಳಿಗೆ ಸೆರಗಿನ ಹಾಸಿನ ಎಳೆಗಳನ್ನು ಕೊಂಡಿ ಹಾಕಿ ಸೇರಿಸುತ್ತಾರಲ್ಲ, ಆ ಕೊಂಡಿಗಳು ಒಂದೊಂದಾಗಿ ಬೀಳುವುದನ್ನು ತೋರಿಸಿದರೂ ಸಾಕು, ಯಾರನ್ನೋ ಸಿಕ್ಕಿಸುವ ಕೆಲಸ ನಡೆದಿದೆ ಎಂಬ ಭಾವ ತಾನಾಗಿಯೇ ಹುಟ್ಟುತ್ತದೆ.

ಬಾರಾಕಮಾನ್ (ವಿಜಯಪುರ):
ಕೋಟೆಕೆರೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಟೈಟಲ್ ಚಿತ್ರದ ಮೊದಲಿಗೇ ಬರಬೇಕೆಂಬ ಪಟ್ಟು ಬೇಡ. ನಮ್ಮ ಚಿತ್ರಮಂದಿರಗಳಲ್ಲಿ ಮೊದಲು ಸೆನ್ಸಾರ್ ಪ್ರಮಾಣಪತ್ರ, ಆಮೇಲೆ ಊರಿನವರಿಗೆಲ್ಲ ಕೃತಜ್ಞತೆ, ಅದರ ಹಿಂದೆ ನಿರ್ಮಾಣ ಸಂಸ್ಥೆಗಳ ಲಾಂಛನಗಳು. ತೆರೆಯ ಮೇಲೆ ಯಾರಾದರೂ ಬೀಡಿ ಹಚ್ಚುವ ಚಿತ್ರವಾದರೆ, 2012ರಿಂದ ಜಾರಿಯಲ್ಲಿರುವ ನಿಯಮದಂತೆ ಆರಂಭದಲ್ಲೂ ಮಧ್ಯದಲ್ಲೂ 30 ಸೆಕೆಂಡಿನ ಆರೋಗ್ಯ ಪ್ರಚಾರ. ಇಷ್ಟೆಲ್ಲ ಮುಗಿಯುವವರೆಗೂ ಜನ ಮೊಬೈಲ್ ಬೆಳಕಿನಲ್ಲಿ ಸೀಟು ಹುಡುಕುತ್ತಿರುತ್ತಾರೆ. ಅಂಥ ಹೊತ್ತಿನಲ್ಲಿ ಎಷ್ಟು ಸೂಕ್ಷ್ಮವಾದ ಟೈಟಲ್ ತೋರಿಸಿದರೂ ನೀರಿನಲ್ಲಿ ಹೋಮ ಮಾಡಿದಂತೆಯೇ.

ಬಾಂಡ್ ಚಿತ್ರಗಳು 1963ರ 'ಫ್ರಮ್ ರಷ್ಯಾ ವಿತ್ ಲವ್'ನಿಂದ ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿವೆ: ಮೊದಲು ಒಂದು ಬಿಗಿಯಾದ ಪ್ರಸಂಗ, ಅದರ ನಂತರ ಟೈಟಲ್. ನೀವೂ ಯಜಮಾನ ರಾತ್ರಿ ದೀಪ ಆರಿಸಿ ಮಗ್ಗದಿಂದ ಏಳುವುದನ್ನು ಮೊದಲು ತೋರಿಸಿ, ಬೆಳಿಗ್ಗೆ ಆ ಹೆಚ್ಚಿನ ಗೇಣು ಕಣ್ಣಿಗೆ ಬಿದ್ದ ಕ್ಷಣದಲ್ಲಿ ಟೈಟಲ್ ತನ್ನಿರಿ. ಆಗ ಎಳೆಗಳನ್ನು ನೋಡುವವನ ತಲೆಯಲ್ಲಿ ಪ್ರಶ್ನೆ ಆಗಲೇ ಇರುತ್ತದೆ.

ಗುಳೇದಗುಡ್ಡದ ಖಣ:
ಅಕ್ಷರಗಳ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಫಲಕ ಬರೆಯುವುದೇ ನನ್ನ ಕಸುಬು. ಹಿಚ್‌ಕಾಕ್‌ನದೇ 1960ರ 'ಸೈಕೊ'ದಲ್ಲಿ ಬೂದುಬಣ್ಣದ ಪಟ್ಟಿಗಳು ತೆರೆಯನ್ನು ಸೀಳಿಕೊಂಡು ಓಡುತ್ತವೆ, ಹೆಸರುಗಳು ತುಂಡಾಗಿ ಬಂದು ಕೂಡಿಕೊಂಡು ಮತ್ತೆ ಒಡೆಯುತ್ತವೆ. ಅದನ್ನು ನೋಡಿದ ಹುಡುಗರೆಲ್ಲ ಕನ್ನಡ ಅಕ್ಷರಗಳನ್ನೂ ಅಡ್ಡಕ್ಕೆ ಕತ್ತರಿಸಲು ಹೊರಡುತ್ತಾರೆ. ಇಂಗ್ಲಿಷ್ ಅಕ್ಷರದ ಮೇಲಿನ ಅರ್ಧ ಉಳಿದರೂ ಓದಬಹುದು. ಕನ್ನಡದಲ್ಲಿ ಮೇಲಿರುವುದು ತಲೆಕಟ್ಟು, ಅದು ಬಹುಪಾಲು ಅಕ್ಷರಗಳಿಗೆ ಒಂದೇ. ಗುರುತೆಲ್ಲ ಕೆಳಗಿದೆ: ಅಡಿಯ ಸೀಳು ಹೋದರೆ 'ಧ' 'ದ' ಆಗುತ್ತದೆ, 'ಭ' 'ಬ' ಆಗುತ್ತದೆ, ಒತ್ತು ಹೋದರೆ ಪದವೇ ಬದಲಾಗುತ್ತದೆ. ಕತ್ತರಿಸಲೇಬೇಕೆಂದಿದ್ದರೆ ಉದ್ದಕ್ಕೆ ಸೀಳಿ ಎಡಬಲಕ್ಕೆ ಸರಿಸಿರಿ, ಹಾಸಿನ ಎಳೆಗಳ ನಡುವೆ ಅದು ಹೊಂದಿಕೊಳ್ಳುತ್ತದೆ.

ಇನ್ನೊಂದು ಮಾತು. ಕೆಲವು ಸಂಕಲನ ತಂತ್ರಾಂಶಗಳಲ್ಲಿ ಭಾರತೀಯ ಭಾಷೆಗಳ ಆಯ್ಕೆಯನ್ನು ಬೇರೆಯಾಗಿ ಹಾಕದಿದ್ದರೆ ಒತ್ತಕ್ಷರಗಳು ಒಡೆದು ಪಕ್ಕಕ್ಕೆ ಬೀಳುತ್ತವೆ. ಆ ತಲೆನೋವೇ ಬೇಡವೆಂದರೆ ಹೆಸರನ್ನು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿಸಿರಿ, ಕಥೆಗೂ ಅದೇ ಒಪ್ಪುತ್ತದೆ.

ಗೋಮಿದಡಿ (ಬಾಗಲಕೋಟೆ):
ಮೂವರಿಗೂ ಧನ್ಯವಾದಗಳು. ರಕ್ತವನ್ನೂ ಗುಡುಗನ್ನೂ ತೆಗೆದೆವು, ಟೈಟಲ್ ಈಗ ಮೊದಲ ಪ್ರಸಂಗದ ನಂತರ ಬರುತ್ತದೆ. ಸದ್ದಿನದೊಂದು ಅನುಮಾನ ಉಳಿದಿದೆ. ಮಗ್ಗದ ಖಟಖಟ ಸದ್ದನ್ನು ಟೈಟಲ್ ಉದ್ದಕ್ಕೂ ಕೇಳಿಸಿ, ಮುಂದಿನ ದೃಶ್ಯದಲ್ಲಿ ಮಗ್ಗ ಖಾಲಿ ಇದ್ದರೂ ಸದ್ದು ನಿಲ್ಲದಂತೆ ಮಾಡೋಣವೆಂದು ಒಬ್ಬ ಗೆಳೆಯನ ಹಟ.

ಕೋಟೆಕೆರೆ (ಬೆಳಗಾವಿ):
ಹಾಗೆ ಮಾಡಿದರೆ ದೆವ್ವ ಮತ್ತೆ ಮನೆಯೊಳಗೆ ಬಂತೆಂದೇ ತಿಳಿಯಿರಿ. ಖಾಲಿ ಮಗ್ಗ ಸದ್ದು ಮಾಡಿದರೆ ಅದು ಪವಾಡ. ಮನುಷ್ಯನೊಬ್ಬ ಕದ್ದು ನೇಯುತ್ತಿದ್ದರೆ ಅದು ಅಪರಾಧ, ನಿಮ್ಮ ಕಥೆ ಎರಡನೆಯದು. ಖಟಖಟ ಸದ್ದು ಇರಲಿ, ಅದರ ಜೊತೆ ಬೇರೆ ಸಂಗೀತ ಬೇಡ. ಖಾಲಿ ಮಗ್ಗ ಕಾಣುವ ಕ್ಷಣದಲ್ಲಿ ಅದು ಥಟ್ಟನೆ ನಿಲ್ಲಲಿ. ಟೈಟಲ್ ನಡುವೆ ಎಲ್ಲಾದರೂ ಒಮ್ಮೆ ಲಾಳಿ ಹಿಡಿದ ಬೆರಳುಗಳನ್ನು ತೋರಿಸಿರಿ. 1995ರ 'ಸೆವೆನ್' ಚಿತ್ರದ ಟೈಟಲ್‌ನಲ್ಲಿ ಕೈಲ್ ಕೂಪರ್ ಮಾಡಿದ್ದು ಇದನ್ನೇ: ಬಹಳ ತಡವಾಗಿ ತೆರೆಗೆ ಬರುವ ಕೊಲೆಗಾರನ ಕೈಗಳು ಮೊದಲೇ ಬಂದು, ಬ್ಲೇಡಿನಿಂದ ಬೆರಳತುದಿಯ ಚರ್ಮ ಕೆತ್ತಿಕೊಳ್ಳುತ್ತವೆ, ಪುಟಗಳನ್ನು ಹೊಲಿಯುತ್ತವೆ. ಬೆರಳು ಕಂಡದ್ದರಿಂದ ಅವನು ಮನುಷ್ಯನೆಂದು ಗೊತ್ತಾಗುತ್ತದೆ, ಮುಖ ಕಾಣದ್ದರಿಂದ ಅನುಮಾನ ಎಲ್ಲರ ಮೇಲೂ ಉಳಿಯುತ್ತದೆ.

ಬಾರಾಕಮಾನ್ (ವಿಜಯಪುರ):
ಆ ಬೆರಳುಗಳು ಅಪರಾಧಿಯ ಪಾತ್ರ ಮಾಡಿದವರದ್ದೇ ಆಗಿರಲಿ. ಆನ್‌ಲೈನ್‌ನಲ್ಲಿ ನೋಡುವವರು ಹಿಂದಕ್ಕೆ ಓಡಿಸಿ, ನಿಲ್ಲಿಸಿ, ಉಂಗುರವನ್ನೂ ಉಗುರನ್ನೂ ತಾಳೆ ಹಾಕದೆ ಬಿಡುವುದಿಲ್ಲ.