ಅಮ್ಮಂಗೆ ಯುಪಿಐ ಹಾಕ್ಕೊಟ್ಟಿದೀನಿ, ಏನೇನು ಹುಷಾರಾಗಿರ್ಬೇಕು?

ಮೊನ್ನೆ ಅಮ್ಮನ ಫೋನಿಗೆ ಯುಪಿಐ ಹಾಕ್ಕೊಟ್ಟೆ. ಅವ್ರಿಗಿಂತ ನಂಗೇ ಭಯ ಜಾಸ್ತಿ. ನಿಮಗೆ ಆಗಿರೋ ಅನುಭವ ಇದ್ರೆ ಹೇಳಿ ಪ್ಲೀಸ್, ಭಾಷಣ ಬೇಡ.

---

ಒಂದು ಮಾತು ತಲೇಲಿ ಕೂರಿಸ್ಬಿಡಿ, ದುಡ್ಡು ಬರೋಕೆ ಪಿನ್ ಬೇಕಾಗಲ್ಲ. ನಾನು ಹಳೇ ಮಂಚ ಮಾರೋಕೆ ಆನ್‌ಲೈನಲ್ಲಿ ಹಾಕಿದ್ದೆ, ಹತ್ತೇ ನಿಮಿಷಕ್ಕೆ ಫೋನು, ಚೌಕಾಸಿನೇ ಇಲ್ಲ, ಅಲ್ಲೇ ಡೌಟ್ ಬರ್ಬೇಕಿತ್ತು ಬಿಡಿ. ಕ್ಯೂಆರ್ ಕಳ್ಸಿ "ಸ್ಕ್ಯಾನ್ ಮಾಡಿ ಸರ್, ಅಡ್ವಾನ್ಸ್ ನಿಮ್ ಅಕೌಂಟಿಗೆ ಬೀಳತ್ತೆ" ಅಂದ. ಮಾಡ್ದೆ. ಪಿನ್ನಿನ ನಾಲ್ಕಂಕೀಲಿ ಮೂರು ಒತ್ತಿದೀನಿ, ಆಗ ಮೇಲ್ಗಡೆ "ಪೇಯಿಂಗ್" ಅಂತಿರೋದು ಕಣ್ಣಿಗ್ಬಿತ್ತು. ಬರೋ ದುಡ್ಡಿಗೆ ಪೇಯಿಂಗ್ ಯಾಕಪ್ಪಾ? ಕಟ್ ಮಾಡ್ದೆ. ಮಂಚ ಇನ್ನೂ ಮನೇಲೇ ಇದೆ.

---

ಮೇಲಿನವ್ರು ಹೇಳಿದ್ದು ಸರಿ. ಜನ ಜನಕ್ಕೆ ಕಳಿಸ್ತಿದ್ದ "ದುಡ್ಡು ಕೊಡಿ" ರಿಕ್ವೆಸ್ಟನ್ನ ಯುಪಿಐ ನಡೆಸೋ ಸಂಸ್ಥೆ ಎನ್‌ಪಿಸಿಐ 2025ರ ಅಕ್ಟೋಬರ್ 1ರಿಂದ ನಿಲ್ಸಿದೆ, ಆದ್ರೆ ಕ್ಯೂಆರ್ ಆಟ ನಿಂತಿಲ್ಲ. ಪಿನ್ ಒತ್ತೋ ಮುಂಚೆ ಕಾಣೋ ಹೆಸರು ಓದೋಕೆ ಅಮ್ಮಂಗೆ ಕಲ್ಸಿ, ಅದು ಬ್ಯಾಂಕಲ್ಲಿರೋ ಹೆಸರು.

---

ನಮ್ಮತ್ತೆಗೆ ಆಗಿದ್ದು: "ಅಮ್ಮಾ ತಪ್ಪಿ ನಿಮ್ ನಂಬರಿಗೆ 5000 ಹಾಕ್ಬಿಟ್ಟೆ, ಆಸ್ಪತ್ರೆ ದುಡ್ಡು" ಅಂತ ಅಳ್ತಾ ಫೋನು. ಮೆಸೇಜೂ ಬಂದಿತ್ತು, ಕ್ರೆಡಿಟೆಡ್ ಅಂತ. ನೋಡಿದ್ರೆ ಅದು ಬ್ಯಾಂಕಿಂದಲ್ಲ, ಮಾಮೂಲಿ ಹತ್ತಂಕಿ ಮೊಬೈಲ್ ನಂಬರಿಂದ! ಬ್ಯಾಲೆನ್ಸ್ ನೋಡಿದ್ರೆ ಒಂದು ರೂಪಾಯಿನೂ ಬಂದಿಲ್ಲ. ನಿಜವಾಗ್ಲೂ ಬಂದಿದ್ರೂ ನೀವಾಗೇ ವಾಪಸ್ ಹಾಕೋಕೆ ಹೋಗ್ಬೇಡಿ, ಬ್ಯಾಂಕಿಗೆ ಹೇಳಿ ಅವ್ರ ಮೂಲಕಾನೇ ಹೋಗ್ಲಿ.

---

ನಾನು ಕಳ್ಕೊಂಡವನೇ, ಹಾಗಾಗಿ ಸ್ವಲ್ಪ ಉದ್ದ ಆಗತ್ತೆ. ರೀಚಾರ್ಜ್ ಫೇಲಾಯ್ತು ಅಂತ ಕಸ್ಟಮರ್ ಕೇರ್ ನಂಬರ್ ನೆಟ್ಟಲ್ಲಿ ಹುಡ್ಕಿ ಫೋನ್ ಮಾಡ್ದೆ, ಅದು ಕಳ್ಳನ್ದೇ ನಂಬರು, ಒಂದು ಆ್ಯಪ್ ಹಾಕ್ಕೊಳ್ಳಿ ಅಂದ, ಹಾಕ್ದೆ, ನನ್ ಸ್ಕ್ರೀನ್ ಪೂರ್ತಿ ಅವ್ನಿಗೆ ಕಾಣ್ತಿತ್ತಂತೆ, ನಾನು ಮಂಗನ ಥರ ಹೇಳಿದ್ದೆಲ್ಲ ಒತ್ತಿದೆ. 18 ಸಾವಿರ. ಅದಕ್ಕಿಂತ ದೊಡ್ಡ ತಪ್ಪು ಅಂದ್ರೆ ಮನೇಲಿ ಬೈತಾರೆ ಅಂತ ಎರಡು ದಿನ ಬಾಯಿ ಬಿಡ್ಲಿಲ್ಲ. ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ದುಡ್ಡು ಇನ್ನೂ ಅವ್ನ ಅಕೌಂಟಲ್ಲಿದ್ರೆ ತಡೆಹಿಡಿಯೋ ಚಾನ್ಸ್ ಇರತ್ತೆ, ನಾನು ಮಾಡೋ ಹೊತ್ತಿಗೆ ಖಾಲಿ. ಹಾಗಾಗಿ ಅಮ್ಮಂಗೆ "ಏನೇ ಆದ್ರೂ ಬೈಯಲ್ಲ" ಅಂತ ಈಗ್ಲೇ ಮಾತು ಕೊಟ್ಬಿಡಿ. ಪೆನ್ಷನ್ ಬರೋ ಅಕೌಂಟ್ ಲಿಂಕ್ ಮಾಡ್ಬೇಡಿ, ಬೇರೆ ಒಂದ್ರಲ್ಲಿ ಎರಡು ಮೂರು ಸಾವಿರ ಇಟ್ಟು ಅದನ್ನ ಕೊಡಿ.

---

ಎಲ್ರಿಗೂ ಥ್ಯಾಂಕ್ಸ್. 1930 ಸೇವ್ ಮಾಡ್ಕೊಟ್ಟೆ, ಅಕೌಂಟೂ ಬದಲಾಯಿಸ್ತೀನಿ. ಇದೆಲ್ಲ ಅಮ್ಮಂಗೆ ಓದಿ ಹೇಳ್ದೆ, "ಆ ಮಂಚ ಎಷ್ಟಕ್ಕೆ ಕೊಡ್ತಾರೆ ಕೇಳು" ಅಂತಿದಾರೆ.