ಕೊಟ್ಟ ಮಾತು ತಪ್ಪಿದ ಮೇಲೆ ನಾನೇ ಬದಲಾಗಿದ್ದೇನೆ. ತಪ್ಪು ನನ್ನದಾ?

ಪ್ರಶ್ನೆ

ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸದಲ್ಲಿ ಆರು ವರ್ಷದಿಂದ ಇದ್ದೇನೆ. ಎರಡು ವರ್ಷದ ಹಿಂದೆ ಮ್ಯಾನೇಜರ್ ಕರೆದು, "ಈ ಪ್ರಾಜೆಕ್ಟ್ ಒಂದು ಮುಗಿಸಿಕೊಡಿ, ಮುಂದಿನ ಟೀಮ್ ನಿಮ್ಮದೇ" ಎಂದಿದ್ದರು. ಹನ್ನೊಂದು ತಿಂಗಳು ರಜೆ ಕೂಡ ಸರಿಯಾಗಿ ಹಾಕದೆ ದುಡಿದೆ. ಪ್ರಾಜೆಕ್ಟ್ ಮುಗಿಯಿತು. ಟೀಮ್ ಹೊರಗಿನಿಂದ ಬಂದ ಒಬ್ಬರ ಕೈಗೆ ಹೋಯಿತು. ಯಾಕೆ ಅಂತ ಯಾರೂ ಹೇಳಲಿಲ್ಲ. ಎಲ್ಲರಿಗೂ ಹೋದ ಮೇಲ್ ನನಗೂ ಬಂತು, ಅಷ್ಟೇ.

ಕೊಟ್ಟ ಕೆಲಸವನ್ನು ಈಗಲೂ ಮಾಡುತ್ತೇನೆ. ಆದರೆ ಮೊದಲು ಹೊಸಬರು ಬಂದರೆ ಪಕ್ಕದಲ್ಲಿ ಕೂತು ತೋರಿಸಿಕೊಡುತ್ತಿದ್ದೆ. ಈಗ "ಡಾಕ್ಯುಮೆಂಟ್ ಇದೆ, ನೋಡಿ" ಎಂದು ಮುಗಿಸುತ್ತೇನೆ. ಕಳೆದ ತಿಂಗಳು ನನ್ನದಲ್ಲದ ಭಾಗದಲ್ಲಿ ಒಂದು ಬಗ್ ಕಣ್ಣಿಗೆ ಬಿತ್ತು. ನೋಡಿಯೂ ಸುಮ್ನೆ ಇದ್ದುಬಿಟ್ಟೆ. ಅದು ಗ್ರಾಹಕರವರೆಗೆ ಹೋಯಿತು. ಆ ಭಾಗ ನೋಡಿಕೊಳ್ಳುತ್ತಿದ್ದ ಹುಡುಗ ಎಲ್ಲರೆದುರು ಬೈಸಿಕೊಂಡ. ಅವನು ನನಗೆ ಏನೂ ಮಾಡಿರಲಿಲ್ಲ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ವಿಷಯ. ಭಾನುವಾರ ನಾನು ಕಣ್ಣು ಕಾಣದ ಮಕ್ಕಳಿಗಾಗಿ ಪಾಠದ ಪುಸ್ತಕ ಓದಿ ರೆಕಾರ್ಡ್ ಮಾಡುವ ಗುಂಪಿಗೆ ಹೋಗುತ್ತಿದ್ದೆ. ಒಂದು ವರ್ಷ ನಾವು ಓದಿದ್ದೆಲ್ಲ ಹಾರ್ಡ್‌ಡಿಸ್ಕಿನಲ್ಲೇ ಬಿದ್ದಿದೆ, ಒಂದು ಮಗುವಿಗೂ ತಲುಪಿಲ್ಲ ಅಂತ ಆಮೇಲೆ ಗೊತ್ತಾಯಿತು. ನಾವು ಮೈಕ್ ಮುಂದೆ ಕೂತ ಫೋಟೋಗಳು ಮಾತ್ರ ದಾನಿಗಳಿಗೆ ಹೋಗಿದ್ದವು. ನಾನು ಜಗಳ ಆಡಲಿಲ್ಲ, ಹೋಗುವುದನ್ನು ನಿಲ್ಲಿಸಿದೆ. ಯಾಕೆ ಬರಲಿಲ್ಲ ಅಂತ ಒಂದು ಫೋನ್ ಕೂಡ ಬರಲಿಲ್ಲ.

ಆಫೀಸಿನದಕ್ಕಿಂತ ಇದೇ ಜಾಸ್ತಿ ನೋಯಿಸಿತು. ಸಂಬಳವೇ ಇಲ್ಲದ ಕಡೆ ಇಷ್ಟು ನೋವು ಯಾಕೆ? ನಾನು ಕೆಟ್ಟವಳಾಗುತ್ತಿದ್ದೇನಾ?

ಉತ್ತರ 1

ನಾನು ಎಚ್‌ಆರ್ ವಿಭಾಗದಲ್ಲಿ ಬಹಳ ವರ್ಷ ಇದ್ದವನು. ಇದಕ್ಕೆ ನಮ್ಮ ಕಡೆ ಮಾನಸಿಕ ಒಪ್ಪಂದ ಎನ್ನುತ್ತಾರೆ. ಆಫರ್ ಲೆಟರಿನಲ್ಲಿ ಬರೆದಿರುವುದಿಲ್ಲ, ಆದರೆ ಇದೆ ಅಂತ ನಂಬಿಕೊಂಡೇ ನಾವು ದುಡಿಯುತ್ತೇವೆ. 1960ರಲ್ಲಿ ಕ್ರಿಸ್ ಆರ್ಜಿರಿಸ್ ಎಂಬ ಸಂಶೋಧಕರು ಈ ಮಾತು ಎತ್ತಿದರು. 1989ರಲ್ಲಿ ಡೆನಿಸ್ ರೂಸೋ ಎಂಬ ಇನ್ನೊಬ್ಬ ಸಂಶೋಧಕಿ ಅದಕ್ಕೆ ಈಗಿನ ಅರ್ಥ ಕೊಟ್ಟರು. ರೂಸೋ ಮತ್ತು ಸಾಂಡ್ರಾ ರಾಬಿನ್ಸನ್ 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎಂಬಿಎ ಮುಗಿಸಿ ಕೆಲಸಕ್ಕೆ ಸೇರಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಎರಡು ವರ್ಷದೊಳಗೇ "ಕಂಪನಿ ಮಾತು ತಪ್ಪಿದೆ" ಎಂದಿದ್ದರು. ನೀವು ಒಬ್ಬರೇ ಅಲ್ಲ.

ಮಾತು ಮುರಿದಿದೆ ಎಂದು ತಿಳಿಯುವುದು ಒಂದು, ಮೋಸ ಹೋದೆ ಎಂದು ಎದೆ ಉರಿಯುವುದು ಇನ್ನೊಂದು. ಮೊದಲನೆಯದು ಎರಡನೆಯದಾಗುತ್ತದೋ ಇಲ್ಲವೋ ಎನ್ನುವುದು, ಯಾಕೆ ಹೀಗಾಯಿತು ಅಂತ ನಾವು ಏನು ಅಂದುಕೊಳ್ಳುತ್ತೇವೆ ಎನ್ನುವುದರ ಮೇಲೂ ನಿಂತಿದೆ. ನಿಮಗೆ ಯಾರೂ ಕಾರಣ ಹೇಳಲಿಲ್ಲ. ಆ ಖಾಲಿ ಜಾಗವನ್ನು ನೀವೇ ತುಂಬಿಕೊಂಡಿದ್ದೀರಿ. ಬೇಕಂತಲೇ ಮಾತು ತಪ್ಪಿದರಾ, ಅವರ ಕೈಯಲ್ಲಿ ಆಗಲಿಲ್ಲವಾ, ಅಥವಾ ಅವರು ಹೇಳಿದ್ದೇ ಒಂದು ನೀವು ತಿಳಿದಿದ್ದೇ ಒಂದಾ? ಮೂರೂ ಬೇರೆ ಬೇರೆ. ಹೋಗಿ ಕೇಳಿ.

ಭಾನುವಾರದ ನೋವಿಗೂ ಕಾರಣ ಇದೆ. ಅಲ್ಲಿ ನಿಮಗೆ ಸಿಗುತ್ತಿದ್ದ ಕೂಲಿ ಒಂದೇ, ಆ ಪಾಠ ಮಗುವಿನ ಕಿವಿಗೆ ಬೀಳುತ್ತದೆ ಎನ್ನುವ ನಂಬಿಕೆ. ಅದೇ ಹೋಯಿತಲ್ಲ.

ಉತ್ತರ 2

ಮೇಡಂ, ನಾನು ಆಚೆ ದಡದವಳು. ಸ್ವಯಂಸೇವಕರ ಗುಂಪು ನಡೆಸುತ್ತೇನೆ. ಮಕ್ಕಳಿಗೆ ಪಾಠ ಹೇಳಲು ಬಂದ 14 ಜನರಿಗೆ "ವರ್ಷವಿಡೀ ಒಂದೇ ಮಗು" ಎಂದಿದ್ದೆ. ನಡುವೆ ಅನುಕೂಲಕ್ಕೆ ಮಕ್ಕಳನ್ನು ಅದಲುಬದಲು ಮಾಡಿದೆ. ಹೆಚ್ಚಿನವರು ಕೂಗಾಡಲಿಲ್ಲ. "ಈ ವಾರ ಆಗಲ್ಲ" ಎಂಬ ಮೆಸೇಜ್ ಜಾಸ್ತಿಯಾಯಿತು. ಮೂರು ತಿಂಗಳಲ್ಲಿ ಒಂಬತ್ತು ಜನ ಇರಲಿಲ್ಲ. ಜಗಳ ಆಡಿದವರು ಇಬ್ಬರೇ, ಅವರು ಇವತ್ತಿಗೂ ನಮ್ಮ ಜೊತೆ ಇದ್ದಾರೆ. ಆ ಒಂಬತ್ತು ಜನ ಯಾಕೆ ಹೋದರು ಅಂತ ನನಗೆ ಅರ್ಥವಾಗಲು ಒಂದು ವರ್ಷ ಬೇಕಾಯಿತು. ಫೋನ್ ಮಾಡಲು ಮುಖ ಇರಲಿಲ್ಲ, ಅದಕ್ಕೇ ಮಾಡಲಿಲ್ಲ. ನಿಮಗೆ ಫೋನ್ ಬಾರದಿದ್ದಕ್ಕೂ ಅದೇ ಕಾರಣ ಇರಬಹುದು. ಇದು ಸಮರ್ಥನೆ ಅಲ್ಲ. ನೀವು ಒಮ್ಮೆ ಕರೆದು ಬೈದರೂ ಅವರಿಗೆ ಉಪಕಾರವೇ.

ಉತ್ತರ 3

ಹೊಸಬರ ಪಕ್ಕ ಕೂರುವುದನ್ನು ನಿಲ್ಲಿಸಿದ್ದು ನಿಮ್ಮ ಹಕ್ಕು. ಬಗ್ ವಿಷಯ ಹಾಗಲ್ಲ. ಏಟು ಬಿದ್ದದ್ದು ಮ್ಯಾನೇಜರಿಗಲ್ಲ, ಆ ಹುಡುಗನಿಗೆ. ಅವನಿಗೆ ಹೇಳಿಬಿಡಿ.

ಪ್ರಶ್ನೆ ಕೇಳಿದವರು

ಮೂವರಿಗೂ ಧನ್ಯವಾದ. ಹುಡುಗನಿಗೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು, "ಮುಂದಿನ ಸಲ ಹೇಳಿ ಅಕ್ಕ" ಎಂದ. ಅತ್ತುಬಿಟ್ಟೆ.

ಮ್ಯಾನೇಜರ್ ಹತ್ತಿರವೂ ಹೋದೆ. ಹೊರಗಿನವರನ್ನು ತರಬೇಕೆಂದು ಮೇಲಿನವರು ತೀರ್ಮಾನಿಸಿದ್ದರಂತೆ. ಇವರಿಗೆ ಎರಡು ವಾರ ಮೊದಲೇ ಗೊತ್ತಿತ್ತು, ನನಗೆ ಹೇಳಲು ಧೈರ್ಯ ಬರಲಿಲ್ಲವಂತೆ. ಸಿಟ್ಟು ಪೂರ್ತಿ ಹೋಗಿಲ್ಲ. ಆ ಎರಡು ವಾರದಲ್ಲಿ ಒಂದು ದಿನ ಕೂರಿಸಿಕೊಂಡು ಹೇಳಿದ್ದರೆ ನಾನು ಇಷ್ಟು ಬದಲಾಗುತ್ತಿರಲಿಲ್ಲ, ಅಲ್ವಾ?

ಭಾನುವಾರದ ಗುಂಪಿಗೆ ನಾಳೆ ಫೋನ್ ಮಾಡುತ್ತೇನೆ. ನಾನು ಓದಿದ 40 ಪಾಠಗಳು ಆ ಹಾರ್ಡ್‌ಡಿಸ್ಕಿನಲ್ಲಿವೆ. ಮೊದಲು ಅವನ್ನು ಯಾವಾಗ ಮಕ್ಕಳಿಗೆ ಕಳಿಸುತ್ತೀರಿ ಅಂತ ಕೇಳುತ್ತೇನೆ. ನಾನು ವಾಪಸ್ ಹೋಗುವ ಮಾತು ಆಮೇಲೆ.