ಕರೆಂಟು ಹೋಗಿ ಬಂದ ಮೇಲೆ ಸರ್ವರ್ ಹೆಸರಿಗೆ ಸಿಗುತ್ತಿಲ್ಲ, ಐಪಿ ಹಾಕಿದರೆ ತೆರೆಯುತ್ತದೆ

ಪ್ರಶ್ನೆ:
ನಮಸ್ಕಾರ. ದಾವಣಗೆರೆಯಲ್ಲಿ ನಮ್ಮದು ಆಡಿಟರ್ ಆಫೀಸು. 14 ಕಂಪ್ಯೂಟರ್, ಒಂದು ವಿಂಡೋಸ್ ಸರ್ವರ್. ಡೊಮೇನ್ (ಆಫೀಸಿನ ಕಂಪ್ಯೂಟರ್, ಲಾಗಿನ್‌ಗಳ ಒಟ್ಟು ವ್ಯವಸ್ಥೆ), ಡಿಎನ್‌ಎಸ್ (ಹೆಸರು ಕೊಟ್ಟರೆ ಅದರ ಸಂಖ್ಯೆಯ ವಿಳಾಸ, ಅಂದರೆ ಐಪಿ, ಹೇಳುವ ಸೇವೆ), ಟ್ಯಾಲಿ ಡೇಟಾ ಎಲ್ಲ ಅದರಲ್ಲೇ. ಐಪಿ ಹಂಚುವುದು ಮಾತ್ರ ರೂಟರ್. ಕರೆಂಟು ಹೋಗಿ ಬಂದ ದಿನ ನಾಲ್ಕೈದು ಕಂಪ್ಯೂಟರಿನಲ್ಲಿ ಟ್ಯಾಲಿ ಫೋಲ್ಡರ್ ತೆರೆಯುವುದಿಲ್ಲ. ಇಂಟರ್ನೆಟ್ ಇರುತ್ತದೆ. ಸರ್ವರಿನ ಐಪಿ 192.168.1.10 ಅಂತ ಹಾಕಿದರೆ ಫೋಲ್ಡರ್ ತಕ್ಷಣ ಬರುತ್ತದೆ. ಬರೀ 'ಸರ್ವರ್' ಅಂದರೂ ಒಮ್ಮೊಮ್ಮೆ ಬರುತ್ತದೆ, 'ಸರ್ವರ್.ಆಫೀಸ್.ಲೋಕಲ್' ಅಂದರೆ ಇಲ್ಲ. ಕೇಬಲ್, ಸ್ವಿಚ್ ಎರಡೂ ಬದಲಿಸಿದ್ದಾಯಿತು. ರಿಟರ್ನ್ ಸಲ್ಲಿಸುವ ಸಮಯ, ಹುಡುಗರು ಕೈಕಟ್ಟಿ ಕೂರುವಂತಾಗಿದೆ.

ಉತ್ತರ:
ಕೇಬಲ್ ಬಿಡಿ ಸರ್. ಐಪಿಗೆ ತೆರೆಯುತ್ತದೆ ಅಂದಮೇಲೆ ದಾರಿ ಸರಿಯಿದೆ. ಚಿಕ್ಕ ಹೆಸರಾದರೆ ವಿಂಡೋಸ್ ಡಿಎನ್‌ಎಸ್ ಇಲ್ಲದೆಯೂ ಅದೇ ನೆಟ್‌ವರ್ಕಿನಲ್ಲಿ "ಇದು ಯಾರು?" ಎಂದು ಕೂಗಿ ಹುಡುಕುತ್ತದೆ. ಚುಕ್ಕಿಯಿರುವ ಪೂರ್ತಿ ಹೆಸರಿಗೆ ಡಿಎನ್‌ಎಸ್ಸೇ ಬೇಕು. ಹಾಗಾಗಿ ಅನುಮಾನ ಅಲ್ಲೇ. ತೊಂದರೆಯಿರುವ ಕಂಪ್ಯೂಟರಿನಲ್ಲಿ 'ಐಪಿಕಾನ್ಫಿಗ್ /ಆಲ್' ಕೊಟ್ಟು ಡಿಎನ್‌ಎಸ್ ಸಾಲಿನಲ್ಲಿ ಏನೇನಿದೆ ಹೇಳಿ.

ಪ್ರಶ್ನೆ ಕೇಳಿದವರು:
192.168.1.10, ಅದರ ಕೆಳಗೆ 8.8.8.8 (ಗೂಗಲ್‌ನ ಡಿಎನ್‌ಎಸ್). ಎರಡನೆಯದನ್ನು ರೂಟರಿನಲ್ಲಿ ಹಾಕಿದ್ದು ನಾನೇ, ಸರ್ವರ್ ಕೆಟ್ಟರೂ ಇಂಟರ್ನೆಟ್ ಇರಲಿ ಅಂತ. ಆದರೆ 'ಎನ್‌ಎಸ್‌ಲುಕಪ್' (ಡಿಎನ್‌ಎಸ್ ಅನ್ನು ಕೇಳಿ ನೋಡುವ ಆಜ್ಞೆ) ಸರಿಯಾದ ವಿಳಾಸವನ್ನೇ ಕೊಡುತ್ತಿದೆಯಲ್ಲ?

ಉತ್ತರ:
ಅದು ಪಟ್ಟಿಯ ಮೊದಲನೆಯದನ್ನು ಮಾತ್ರ ಕೇಳುತ್ತದೆ. ಕಂಪ್ಯೂಟರ್ ಆ ಹೊತ್ತಿನಲ್ಲಿ ಯಾರನ್ನು ಕೇಳುತ್ತಿದೆ ಎಂದು ಅದರಿಂದ ತಿಳಿಯದು. ಆ ಆಜ್ಞೆಯಲ್ಲಿ ಹೆಸರಿನ ನಂತರ 8.8.8.8 ಸೇರಿಸಿ ಕೇಳಿ ನೋಡಿ, "ನಾನ್-ಎಕ್ಸಿಸ್ಟೆಂಟ್ ಡೊಮೇನ್" ಬರುತ್ತದೆ. ನಿಮ್ಮ ಆಫೀಸಿನೊಳಗಿನ ಹೆಸರು ಗೂಗಲ್‌ಗೆ ಹೇಗೆ ಗೊತ್ತಿರಬೇಕು?

ಮೊದಲನೆಯದಕ್ಕೆ ಗೊತ್ತಿಲ್ಲದ್ದನ್ನು ಎರಡನೆಯದು ಹೇಳಲಿ ಎಂದು ಆ ಪಟ್ಟಿ ಇರುವುದಲ್ಲ. ಮೊದಲನೆಯದು ಮಾತೇ ಆಡದಿದ್ದಾಗ ವಿಂಡೋಸ್ ಎರಡನೆಯದಕ್ಕೆ ಹೋಗುತ್ತದೆ, ಹೋದ ಮೇಲೆ ಸ್ವಲ್ಪ ಹೊತ್ತು ಅಲ್ಲೇ ನಿಲ್ಲುತ್ತದೆ. ಕರೆಂಟು ಬಂದಾಗ ಕಂಪ್ಯೂಟರುಗಳು ಬೇಗ ಏಳುತ್ತವೆ, ಸರ್ವರ್ ತಡವಾಗಿ ಏಳುತ್ತದೆ. ಆ ಸಂದಿಯಲ್ಲಿ ಕೆಲವು 8.8.8.8 ಕಡೆ ತಿರುಗಿಬಿಟ್ಟಿವೆ. "ಆ ಹೆಸರೇ ಇಲ್ಲ" ಎನ್ನುವುದೂ ಒಂದು ಉತ್ತರವೇ, ಅದು ಸಿಕ್ಕಿದ ಮೇಲೆ ಇನ್ನೊಬ್ಬರನ್ನು ಕೇಳುವುದಿಲ್ಲ.

ರೂಟರಿನ ಡಿಎಚ್‌ಸಿಪಿಯಿಂದ (ಐಪಿ ಹಂಚುವ ಸೇವೆ) 8.8.8.8 ತೆಗೆದುಹಾಕಿ, 192.168.1.10 ಒಂದೇ ಇರಲಿ. 8.8.8.8 ಇರಬೇಕಾದ ಜಾಗ ಸರ್ವರಿನ ಡಿಎನ್‌ಎಸ್ ಮ್ಯಾನೇಜರ್‌ನಲ್ಲಿರುವ ಫಾರ್ವರ್ಡರ್ಸ್ (ತನಗೆ ಗೊತ್ತಿಲ್ಲದ ಹೆಸರನ್ನು ಸರ್ವರ್ ಯಾರನ್ನು ಕೇಳಬೇಕೆಂಬ ಪಟ್ಟಿ). ಸರ್ವರಿನ ಸ್ವಂತ ನೆಟ್‌ವರ್ಕ್ ಕಾರ್ಡಿನಲ್ಲೂ ಹೊರಗಿನ ಡಿಎನ್‌ಎಸ್ ಇದ್ದರೆ ತೆಗೆಯಿರಿ. ಇದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ಕಂಪ್ಯೂಟರುಗಳಲ್ಲಿ 'ಐಪಿಕಾನ್ಫಿಗ್ /ರಿನ್ಯೂ' (ರೂಟರಿನಿಂದ ಹೊಸ ಸೆಟ್ಟಿಂಗ್ ಪಡೆಯಲು), 'ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್' (ನೆನಪಿಟ್ಟ ಹಳೇ ಉತ್ತರ ಅಳಿಸಲು) ಕೊಡಿ. ಸರ್ವರ್ ನಿಂತರೆ ಇಂಟರ್ನೆಟ್ಟೂ ನಿಲ್ಲುತ್ತದೆ, ಅದು ನಿಜ. ಅದು ಬೇಡವೆಂದರೆ ಎರಡನೇ ಡೊಮೇನ್ ಕಂಟ್ರೋಲರ್ (ಡೊಮೇನ್, ಡಿಎನ್‌ಎಸ್ ನೋಡಿಕೊಳ್ಳುವ ಇನ್ನೊಂದು ಸರ್ವರ್) ಇಡಬೇಕು, ಹೊರಗಿನ ಡಿಎನ್‌ಎಸ್ ಅದಕ್ಕೆ ಬದಲಿಯಲ್ಲ.

ಪ್ರಶ್ನೆ ಕೇಳಿದವರು:
13 ಸರಿಹೋದವು. ಒಂದು ಮಾತ್ರ ಹಟ ಹಿಡಿದಿದೆ. ಎನ್‌ಎಸ್‌ಲುಕಪ್ 192.168.1.10 ಅನ್ನುತ್ತದೆ, ಪಿಂಗ್ (ತಲುಪುತ್ತದೆಯೇ ಎಂದು ನೋಡುವ ಆಜ್ಞೆ) ಮಾಡಿದರೆ 192.168.1.5ಕ್ಕೆ ಹೋಗುತ್ತದೆ. ಅದು ಹಳೇ ಸರ್ವರಿನ ಐಪಿ.

ಉತ್ತರ:
ಹೋಸ್ಟ್ಸ್ ಫೈಲ್ (ಆ ಕಂಪ್ಯೂಟರಿನಲ್ಲೇ ಹೆಸರು, ಐಪಿ ಬರೆದಿಡುವ ಫೈಲ್) ನೋಡಿ: ಸಿ ಡ್ರೈವ್, ವಿಂಡೋಸ್, ಸಿಸ್ಟಮ್32, ಡ್ರೈವರ್ಸ್, ಈಟಿಸಿ. ಪಿಂಗ್ ಅದನ್ನು ಮೊದಲು ಓದುತ್ತದೆ, ಎನ್‌ಎಸ್‌ಲುಕಪ್ ಓದುವುದೇ ಇಲ್ಲ.

ಪ್ರಶ್ನೆ ಕೇಳಿದವರು:
ಇತ್ತು ಸರ್! ಯಾರೋ ಯಾವಾಗಲೋ ಬರೆದಿಟ್ಟ ಸಾಲು. ಅಳಿಸಿದೆ, ಫೋಲ್ಡರ್ ತೆರೆಯಿತು. ಸಂಜೆ ಎಲ್ಲವನ್ನೂ ಶಟ್‌ಡೌನ್ ಮಾಡಿ ಒಟ್ಟಿಗೆ ಆನ್ ಮಾಡಿದೆ. ಸರ್ವರ್ ಏಳುವವರೆಗೆ ಯಾವುದರಲ್ಲೂ ಇಂಟರ್ನೆಟ್ ಬರಲಿಲ್ಲ, ಎದ್ದ ಮೇಲೆ 14ರಲ್ಲೂ ಟ್ಯಾಲಿ ತೆರೆಯಿತು. ತುಂಬಾ ಉಪಕಾರವಾಯಿತು.